ಮನೆಯಲ್ಲಿ ಬರೆದು ತರುವ ನಿಯೋಜನೆಗೆ ಇನ್ನೂ ಅಂಕ ಕೊಡಬೇಕೇ?

ಭೌತಶಾಸ್ತ್ರದ ಉಪನ್ಯಾಸಕಿ

ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಒಂದು ಪ್ರಸ್ತಾವವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ವಿದ್ಯಾರ್ಥಿಗಳು ಮನೆಯಲ್ಲಿ ಬರೆದು ತರುವ ನಿಯೋಜನೆಗಳಿಗೆ (ಅಸೈನ್‌ಮೆಂಟ್) ಅಂಕ ಕೊಡುವ ಪದ್ಧತಿಯನ್ನು ಕೈಬಿಡಬೇಕು. ನಿಯೋಜನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಓದಿ, ತಿದ್ದಿ, ಟಿಪ್ಪಣಿ ಬರೆದು ಮರಳಿಸುವ ಕೆಲಸವನ್ನು ಈಗಿನದಕ್ಕಿಂತ ಹೆಚ್ಚಿನ ಶ್ರದ್ಧೆಯಿಂದಲೇ ಮಾಡೋಣ. ಅಂಕ ಮಾತ್ರ ಅಧ್ಯಾಪಕರ ಎದುರಿನಲ್ಲಿ ಬರೆದ ಉತ್ತರಕ್ಕೆ ಮತ್ತು ಮೌಖಿಕ ಪ್ರಶ್ನೋತ್ತರಕ್ಕೆ ಸಲ್ಲಲಿ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಕೇಳಿದ್ದನ್ನು ಬರೆದುಕೊಡುವ ಕೃತಕ ಬುದ್ಧಿಮತ್ತೆಯ (ಎಐ) ಸಾಧನವಾದ ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಯಲ್ಲಿ ಸಾರ್ವಜನಿಕರ ಕೈಗೆ ಬಂದ ಮೇಲೆ, ಬರೆದು ತಂದ ಉತ್ತರವನ್ನು ನೋಡಿ ಅದನ್ನು ತಂದವರ ತಿಳಿವಳಿಕೆಯನ್ನು ಅಳೆಯುವ ದಾರಿ ಮುಚ್ಚಿಹೋಗಿದೆ. ಅದಕ್ಕೂ ಮೊದಲು ನಕಲು ಇತ್ತು, ನಿಜ. ಆದರೆ ನಕಲು ಮಾಡುವವರು ಇನ್ನೊಬ್ಬರ ಉತ್ತರವನ್ನು ಹುಡುಕಬೇಕಿತ್ತು, ಅಷ್ಟಿಷ್ಟು ಬದಲಿಸಿ ತಮ್ಮ ಕೈಯಲ್ಲೇ ಬರೆಯಬೇಕಿತ್ತು. ಹಾಗೆ ಬರೆಯುವಾಗ ಒಂದೆರಡು ಸಾಲಾದರೂ ತಲೆಗೆ ಹೋಗುತ್ತಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಅವಮಂದಿತ ಆಂದೋಲನದ, ಅಂದರೆ ಘರ್ಷಣೆಯಿಂದ ಕ್ರಮೇಣ ಕುಗ್ಗುವ ತೂಗಾಟದ ಬಗ್ಗೆ ಕೊಟ್ಟ ಲೆಕ್ಕಕ್ಕೆ ಒಂದು ಅತ್ಯಂತ ಅಚ್ಚುಕಟ್ಟಾದ ಉತ್ತರ ಬಂದಿತ್ತು. ಅವಕಲ ಸಮೀಕರಣವನ್ನು ಬರೆದು, ಮೂರೂ ಸ್ಥಿತಿಗಳನ್ನು ಬೇರ್ಪಡಿಸಿ, ಕೊನೆಯಲ್ಲಿ ಏಕಮಾನಗಳನ್ನೂ ಸರಿನೋಡಲಾಗಿತ್ತು. ಘರ್ಷಣೆ ಪೂರ್ತಿಯಾಗಿ ಇಲ್ಲದೇ ಹೋದರೆ ಈ ಕೊನೆಯ ಸೂತ್ರ ಏನಾಗಬೇಕು ಎಂದು ಕೇಳಿದೆ. ಘರ್ಷಣೆಯ ಪ್ರಮಾಣವನ್ನು ಸೂಚಿಸುವ ಅವಮಂದನ ಗುಣಾಂಕವನ್ನು ಸೊನ್ನೆ ಮಾಡಿದರೆ ಸರಳ ಸಂಗತ ಚಲನೆಯ, ಅಂದರೆ ಕುಗ್ಗದ ತೂಗಾಟದ ಪರಿಚಿತ ಸೂತ್ರ ಮರಳಿ ಬರುತ್ತದೆ. ಒಂದೇ ಸಾಲಿನ ಕೆಲಸ. ಆದರೆ ಆ ಹಾಳೆಯಲ್ಲಿ ಅವಮಂದನ ಗುಣಾಂಕಕ್ಕೆ ಯಾವ ಅಕ್ಷರವನ್ನು ಬಳಸಲಾಗಿದೆ ಎಂಬುದನ್ನೇ ವಿದ್ಯಾರ್ಥಿ ಹುಡುಕಬೇಕಾಯಿತು. ಆ ಹಾಳೆಗೆ ನಾನು ಪೂರ್ಣ ಅಂಕ ಕೊಟ್ಟರೆ ಅದು ಯಾರಿಗೆ, ಯಾವುದಕ್ಕೆ ಕೊಟ್ಟ ಅಂಕ?

ಪರೀಕ್ಷಾ ವಿಭಾಗದ ಸಿಬ್ಬಂದಿ

ಇಡೀ ಪದ್ಧತಿಯನ್ನು ಬದಲಿಸುವುದಕ್ಕಿಂತ ಯಂತ್ರದ ಬರಹವನ್ನು ಗುರುತಿಸುವ ಪತ್ತೆ ತಂತ್ರಾಂಶವನ್ನು ಕಡ್ಡಾಯ ಮಾಡುವುದು ಸುಲಭವಲ್ಲವೇ? ಕೃತಿಚೌರ್ಯವನ್ನು ಹಿಡಿಯುವ ತಂತ್ರಾಂಶವನ್ನು ವಿಶ್ವವಿದ್ಯಾಲಯಗಳು ಈಗಾಗಲೇ ಬಳಸುತ್ತಿವೆ. ಇಷ್ಟು ಶೇಕಡಾಕ್ಕಿಂತ ಹೆಚ್ಚು ಯಂತ್ರದ ಬರಹವಿದ್ದರೆ ಸ್ವೀಕರಿಸುವುದಿಲ್ಲ ಎಂಬ ಒಂದು ನಿಯಮ ಮಾಡಿದರೆ ಎಲ್ಲರಿಗೂ ಒಂದೇ ಅಳತೆಗೋಲು ಸಿಗುತ್ತದೆ.

ಸಂಖ್ಯಾಶಾಸ್ತ್ರದ ಅಧ್ಯಾಪಕ

ಆ ಎರಡು ತಂತ್ರಾಂಶಗಳು ಮಾಡುವ ಕೆಲಸ ಬೇರೆ ಬೇರೆ, ಸರ್. ಕೃತಿಚೌರ್ಯ ಹಿಡಿಯುವ ತಂತ್ರಾಂಶವು ಮೂಲವನ್ನು ಪಕ್ಕದಲ್ಲಿಟ್ಟು ತೋರಿಸುತ್ತದೆ. ಸಾಲು ಸಾಲಾಗಿ ಹೋಲಿಸಿ ನಾವೇ ತೀರ್ಮಾನಕ್ಕೆ ಬರಬಹುದು. ಯಂತ್ರದ ಬರಹವನ್ನು ಗುರುತಿಸುತ್ತೇನೆನ್ನುವ ತಂತ್ರಾಂಶ ಕೊಡುವುದು ಒಂದು ಸಂಭವನೀಯತೆಯನ್ನು ಮಾತ್ರ, ಹೋಲಿಸಿ ನೋಡಲು ಅಲ್ಲಿ ಮೂಲವೇ ಇಲ್ಲ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥ ಒಂದು ಪತ್ತೆ ಸಾಧನವನ್ನು ಹೊರತಂದಿತ್ತು. ಸಂಸ್ಥೆಯೇ ಹೇಳಿಕೊಂಡ ಲೆಕ್ಕದ ಪ್ರಕಾರ ಅದು ಯಂತ್ರ ಬರೆದ ಪಠ್ಯಗಳಲ್ಲಿ ಶೇ. 26ರಷ್ಟನ್ನು ಮಾತ್ರ ಗುರುತಿಸುತ್ತಿತ್ತು, ಮನುಷ್ಯರು ಬರೆದವುಗಳಲ್ಲಿ ಶೇ. 9ರಷ್ಟನ್ನು ಯಂತ್ರದ್ದೆಂದು ಹೇಳುತ್ತಿತ್ತು. ನಿಖರತೆ ಸಾಲದೆಂಬ ಕಾರಣಕ್ಕೆ ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಇನ್ನೂ ಗಂಭೀರವಾದ ವಿಷಯವೆಂದರೆ, ತಪ್ಪು ಆರೋಪ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳಲ್ಲಿ ಸರಾಸರಿ ಶೇ. 61ರಷ್ಟನ್ನು ಅವು ಯಂತ್ರದ ಬರಹವೆಂದು ಸಾರಿದವು. ಕಲಿತ ಭಾಷೆಯಲ್ಲಿ ಬರೆಯುವವರು ಸಹಜವಾಗಿಯೇ ಸೀಮಿತ ಪದಗಳನ್ನೂ ಸರಳ ವಾಕ್ಯಗಳನ್ನೂ ಬಳಸುತ್ತಾರೆ. ಊಹೆಗೆ ಸಿಗುವ ಪದಸರಣಿಯನ್ನೇ ಈ ಸಾಧನಗಳು ಯಂತ್ರದ ಗುರುತೆಂದು ತಿಳಿಯುತ್ತವೆ. ಈ ಸಾಧನಗಳು ಬಹಳ ಸುಧಾರಿಸಿ, ನೂರರಲ್ಲಿ ಒಂದು ಪ್ರಾಮಾಣಿಕ ಬರಹವನ್ನು ಮಾತ್ರ ತಪ್ಪಾಗಿ ಹಿಡಿಯುತ್ತವೆ ಎಂದೇ ಇಟ್ಟುಕೊಳ್ಳೋಣ. ನೂರಿಪ್ಪತ್ತು ಮಂದಿಯ ತರಗತಿ, ತಲಾ ಐದು ನಿಯೋಜನೆ, ಒಟ್ಟು 600 ಬರಹಗಳು. ಎಲ್ಲರೂ ಪ್ರಾಮಾಣಿಕರಾಗಿದ್ದರೂ ಆರು ಬರಹಗಳ ಮೇಲೆ ಕಳಂಕ ಬೀಳುತ್ತದೆ, ಅದನ್ನು ತೊಳೆದುಕೊಳ್ಳಲು ಆ ವಿದ್ಯಾರ್ಥಿಗಳ ಬಳಿ ಯಾವ ಪುರಾವೆಯೂ ಇರುವುದಿಲ್ಲ.

ಸಾಹಿತ್ಯ ವಿಭಾಗದ ಪ್ರಾಧ್ಯಾಪಕ

ಪತ್ತೆ ತಂತ್ರಾಂಶದ ವಿಷಯದಲ್ಲಿ ಸಂಖ್ಯಾಶಾಸ್ತ್ರದ ಮಿತ್ರರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಉಪನ್ಯಾಸಕಿಯವರ ಪ್ರಸ್ತಾವವನ್ನು ಒಪ್ಪಲಾರೆ. ಭೌತಶಾಸ್ತ್ರದ ಒಂದು ಲೆಕ್ಕವನ್ನು ಅರ್ಧ ಗಂಟೆಯಲ್ಲಿ ಕೊಠಡಿಯಲ್ಲಿ ಕುಳಿತು ಬಿಡಿಸಬಹುದು. ಒಂದು ಕಾದಂಬರಿಯ ನಿರೂಪಣೆಯ ಬಗ್ಗೆ ಗಂಭೀರವಾದ ಪ್ರಬಂಧವನ್ನು ಹಾಗೆ ಬರೆಯಲು ಆಗುವುದಿಲ್ಲ. ಮೊದಲ ಓದಿನಲ್ಲಿ ಹೊಳೆದದ್ದು ಎರಡನೆಯ ಓದಿನಲ್ಲಿ ಸುಳ್ಳಾಗುತ್ತದೆ. ಬರೆದ ಎರಡು ಪುಟವನ್ನು ಹರಿದುಹಾಕಿ ಮತ್ತೆ ಆರಂಭಿಸಬೇಕಾಗುತ್ತದೆ. ತನ್ನ ವಾದಕ್ಕೆ ಒಗ್ಗದ ಒಂದು ಅಧ್ಯಾಯ ಕಣ್ಣಿಗೆ ಬಿದ್ದಾಗ ಇಡೀ ವಾದವನ್ನು ತಿರುಗಿ ಕಟ್ಟಬೇಕಾಗುತ್ತದೆ. ನಮ್ಮ ವಿಷಯದಲ್ಲಿ ಕಲಿಕೆಯೆಂದರೆ ಇದೇ. ಅಂಕವನ್ನೆಲ್ಲ ಎದುರಿನ ಪರೀಕ್ಷೆಗೆ ಕೊಟ್ಟರೆ, ಬೇಗ ಬರೆಯುವವರಿಗೂ ನೆನಪಿನ ಶಕ್ತಿ ಚೆನ್ನಾಗಿರುವವರಿಗೂ ಬಹುಮಾನ ಕೊಟ್ಟು, ನಿಧಾನವಾಗಿ ಆಳಕ್ಕೆ ಇಳಿಯುವವರನ್ನು ಶಿಕ್ಷಿಸಿದಂತಾಗುತ್ತದೆ. ಅಂಕವಿಲ್ಲದ ನಿಯೋಜನೆಯನ್ನು ವಿದ್ಯಾರ್ಥಿಗಳು ಶ್ರದ್ಧೆಯಿಂದ ಬರೆಯುತ್ತಾರೆಂಬ ನಂಬಿಕೆಯೂ ನನಗಿಲ್ಲ. ಐದು ವಿಷಯಗಳ ಒತ್ತಡದಲ್ಲಿರುವ ವಿದ್ಯಾರ್ಥಿ ಅಂಕ ಸಿಗುವ ಕಡೆಗೇ ಸಮಯ ಕೊಡುತ್ತಾನೆ, ಅದು ಅವನ ತಪ್ಪೂ ಅಲ್ಲ.

ದೂರಶಿಕ್ಷಣದ ವಿದ್ಯಾರ್ಥಿನಿ

ಈ ಚರ್ಚೆಯಲ್ಲಿ ನನ್ನಂಥವರ ನೆನಪು ಯಾರಿಗೂ ಬಂದಿಲ್ಲವೆಂದು ಬರೆಯುತ್ತಿದ್ದೇನೆ. ಹಗಲು ಕೆಲಸ ಮಾಡಿ, ಮನೆಯವರೆಲ್ಲ ಮಲಗಿದ ಮೇಲೆ ಓದುವವರಿಗೆ ಮನೆಯಲ್ಲಿ ಬರೆಯುವ ನಿಯೋಜನೆಯೊಂದೇ ಅಧ್ಯಾಪಕರೊಡನೆ ಉಳಿದಿರುವ ಸಂಪರ್ಕ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಆರಂಭವಾದಾಗಿನಿಂದ ದೂರಶಿಕ್ಷಣ ನಿಂತಿರುವುದೇ ಬರೆದು ಕಳುಹಿಸಿದ ಉತ್ತರ ಮತ್ತು ಅದರ ಮೇಲೆ ಬೋಧಕರು ಬರೆಯುವ ಟಿಪ್ಪಣಿಯ ಮೇಲೆ. ಎದುರಿನ ಪರೀಕ್ಷೆ ಎಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೀರಿ, ಆದರೆ ಅದಕ್ಕಾಗಿ ನಾನು ಕೆಲಸಕ್ಕೆ ರಜೆ ಹಾಕಬೇಕು, ಪ್ರಯಾಣ ಮಾಡಬೇಕು, ಮಕ್ಕಳನ್ನು ಇನ್ನೊಬ್ಬರ ಬಳಿ ಬಿಡಬೇಕು.

ಹಾಗಾದರೆ ಕ್ಯಾಮೆರಾದ ಮುಂದೆ ಪರೀಕ್ಷೆ ಬರೆಯಿರಿ ಎನ್ನುವವರೂ ಇದ್ದಾರೆ. ಅಂಥ ಪರೀಕ್ಷೆ ಬರೆದವಳು ನಾನು. ಕೋಣೆಯ ನಾಲ್ಕೂ ಮೂಲೆಗಳನ್ನು ಕ್ಯಾಮೆರಾಕ್ಕೆ ತೋರಿಸಬೇಕು, ಪರದೆಯಿಂದ ಕಣ್ಣು ತೆಗೆದರೆ ಎಚ್ಚರಿಕೆ ಬರುತ್ತದೆ, ಮಗು ಬಾಗಿಲು ತೆರೆದರೆ ಅದೂ ದಾಖಲಾಗುತ್ತದೆ. 2022ರಲ್ಲಿ ಅಮೆರಿಕದ ಒಹಾಯೋದಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದಾಗ, ಪರೀಕ್ಷೆಗೆ ಮುನ್ನ ಮನೆಯ ಕೋಣೆಯನ್ನು ಹೀಗೆ ಶೋಧಿಸುವುದು ಅಲ್ಲಿನ ಸಂವಿಧಾನದ ನಾಲ್ಕನೆಯ ತಿದ್ದುಪಡಿಗೆ ವಿರುದ್ಧವೆಂದು ಫೆಡರಲ್ ನ್ಯಾಯಾಧೀಶರು ತೀರ್ಪಿತ್ತರು. ಕೆಲವರು ಯಂತ್ರದಿಂದ ಬರೆಸುತ್ತಾರೆಂಬ ಕಾರಣಕ್ಕೆ ನನ್ನ ಮನೆಯೊಳಗೆ ಕ್ಯಾಮೆರಾ ಬರುವುದನ್ನು ನಾನು ಒಪ್ಪುವುದಿಲ್ಲ.

ಗಣಕವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ

ಹಿರಿಯರೆಲ್ಲ ವಂಚನೆಯ ಬಗ್ಗೆಯೇ ಮಾತನಾಡುತ್ತಿದ್ದೀರಿ. ಕಲಿಕೆಗೆ ಆಗಿರುವ ಲಾಭದ ಕಡೆಗೂ ಸ್ವಲ್ಪ ನೋಡಬೇಕೆಂದು ಕೋರುತ್ತೇನೆ. ತರಗತಿಯಲ್ಲಿ ಕೈ ಎತ್ತಿ ‘ಅರ್ಥವಾಗಲಿಲ್ಲ’ ಎನ್ನಲು ಸಂಕೋಚಪಡುವ ಎಷ್ಟೋ ವಿದ್ಯಾರ್ಥಿಗಳಿಗೆ, ಒಂದೇ ಪ್ರಶ್ನೆಯನ್ನು ಹತ್ತು ರೀತಿಯಲ್ಲಿ ಕೇಳಿದರೂ ಬೇಸರಿಸದ ಬೋಧಕ ಮೊದಲ ಸಲ ಸಿಕ್ಕಿದ್ದಾನೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 2023ರಲ್ಲಿ ಭೌತಶಾಸ್ತ್ರ ಕಲಿಯುತ್ತಿದ್ದ 194 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಿ, ವಿಶೇಷವಾಗಿ ರೂಪಿಸಿದ ಎಐ ಬೋಧಕನಿಂದ ಕಲಿತಾಗ, ಚಟುವಟಿಕೆ ಆಧಾರಿತ ತರಗತಿಯಲ್ಲಿ ಕಲಿತಾಗಿನದಕ್ಕಿಂತ ಹೆಚ್ಚು ಕಲಿಕೆ ಕಡಿಮೆ ಸಮಯದಲ್ಲಿ ಆಗಿತ್ತು. ಇಂಥ ಸಾಧನವನ್ನು ಅಪರಾಧಿಯಂತೆ ನೋಡುವುದು ನ್ಯಾಯವಲ್ಲ.

ಭೌತಶಾಸ್ತ್ರದ ಉಪನ್ಯಾಸಕಿ

ಆ ಪ್ರಯೋಗದ ವಿವರವನ್ನು ನೀವು ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ವಾದದ ತಿರುಳು ಅಲ್ಲೇ ಇದೆ. ಆ ಬೋಧಕ ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಚಾಟ್‌ಬಾಟ್ ಆಗಿರಲಿಲ್ಲ. ಅಧ್ಯಾಪಕರು ಪ್ರತಿ ಲೆಕ್ಕದ ಪೂರ್ಣ ಪರಿಹಾರವನ್ನು ಮೊದಲೇ ಅದಕ್ಕೆ ಕೊಟ್ಟಿದ್ದರು, ಒಮ್ಮೆಗೆ ಒಂದೇ ಹೆಜ್ಜೆ ತೋರಿಸಬೇಕು, ಉತ್ತರವನ್ನು ಬಿಟ್ಟುಕೊಡಬಾರದು ಎಂದು ಕಟ್ಟುಪಾಡು ಹಾಕಿದ್ದರು. ವಿದ್ಯಾರ್ಥಿಗಳು ಮನೆಯಲ್ಲಿ ಬಳಸುವ ಸಾಧನ ಹಾಗಿಲ್ಲ. ಕೇಳಿದ ಕೂಡಲೇ ಪೂರ್ತಿ ಉತ್ತರವನ್ನು ಮುಂದಿಡುತ್ತದೆ.

ಈ ಎರಡರ ನಡುವಿನ ಅಂತರವನ್ನು ತೋರಿಸುವ ಇನ್ನೊಂದು ಪ್ರಯೋಗ ಟರ್ಕಿಯಲ್ಲಿ ನಡೆದು 2025ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳು, ವಿಷಯ ಗಣಿತ. ಸಾಮಾನ್ಯ ಚಾಟ್‌ಬಾಟ್ ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಹೆಚ್ಚು ಅಂಕ ಗಳಿಸಿದರು. ಆಮೇಲೆ ಸಾಧನವನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಅದನ್ನು ಎಂದೂ ಬಳಸದವರಿಗಿಂತ ಶೇ. 17ರಷ್ಟು ಕಡಿಮೆ ಗಳಿಸಿದರು. ಸುಳಿವು ಮಾತ್ರ ಕೊಡುವಂತೆ ಅಧ್ಯಾಪಕರು ರೂಪಿಸಿದ ಸಾಧನವನ್ನು ಬಳಸಿದವರಲ್ಲಿ ಈ ಕುಸಿತ ಬಹುಮಟ್ಟಿಗೆ ಇರಲಿಲ್ಲ. ಆದರೆ ಅಭ್ಯಾಸದಲ್ಲಿ ಶೇ. 127ರಷ್ಟು ಮುಂದಿದ್ದ ಅವರೂ ಪರೀಕ್ಷೆಯಲ್ಲಿ ಸಾಧನವನ್ನು ಎಂದೂ ಬಳಸದವರಿಗಿಂತ ಮುಂದೆ ಹೋಗಲಿಲ್ಲ. ಅಭ್ಯಾಸದ ಹಾಳೆಯಲ್ಲಿ ಕಾಣುವ ಸಾಮರ್ಥ್ಯಕ್ಕೂ ತಲೆಯಲ್ಲಿ ಉಳಿದದ್ದಕ್ಕೂ ನಡುವೆ ಇಷ್ಟು ದೂರ ಇರುವಾಗ, ನಾವು ಅಂಕ ಕೊಡುತ್ತಿರುವುದು ಮೊದಲನೆಯದಕ್ಕೆ. ಸಾಧನದ ಮೇಲೆ ನನಗೆ ದ್ವೇಷವಿಲ್ಲ, ಅದನ್ನು ಕಲಿಯಲು ಬಳಸಲಿ. ಹಾಗೆ ಬಳಸಿದವರಿಗೆ ನನ್ನ ಪ್ರಸ್ತಾವದಿಂದ ಯಾವ ನಷ್ಟವೂ ಇಲ್ಲ.

ಗ್ರಂಥಪಾಲಕಿ

ನೀವೆಲ್ಲ ಬರೆಯುವುದರ ಬಗ್ಗೆ ಚರ್ಚಿಸುತ್ತಿದ್ದೀರಿ, ಗ್ರಂಥಾಲಯದಲ್ಲಿ ಕುಳಿತವಳಿಗೆ ಕಾಣುವುದು ಓದಿನಲ್ಲಿ ಆಗಿರುವ ಬದಲಾವಣೆ. ಒಂದು ಲೇಖನ ಬೇಕೆಂದು ಕೋರಿಕೆ ಬರುತ್ತದೆ. ಲೇಖಕರ ಹೆಸರು ಆ ಕ್ಷೇತ್ರದಲ್ಲಿ ನಿಜವಾಗಿ ಕೆಲಸ ಮಾಡುವವರದೇ, ಪತ್ರಿಕೆಯೂ ಇರುವಂಥದ್ದೇ, ಸಂಪುಟ, ಸಂಚಿಕೆ, ಪುಟಸಂಖ್ಯೆ ಎಲ್ಲವೂ ಕ್ರಮವಾಗಿ ಇರುತ್ತವೆ. ಆ ಸಂಚಿಕೆಯನ್ನು ತೆರೆದು ನೋಡಿದರೆ ಆ ಪುಟಗಳಲ್ಲಿ ಬೇರೆ ಯಾರದೋ ಬೇರೆ ವಿಷಯದ ಲೇಖನ ಇರುತ್ತದೆ. ಕೋರಿದವರನ್ನು ವಿಚಾರಿಸಿದರೆ, ಎಐ ಕೊಟ್ಟ ಪಟ್ಟಿಯಿಂದ ಎತ್ತಿಕೊಂಡದ್ದೆಂದು ಗೊತ್ತಾಗುತ್ತದೆ. ಅವರಲ್ಲಿ ಮೋಸದ ಉದ್ದೇಶ ಇರುವುದಿಲ್ಲ, ಆ ಲೇಖನ ಇದೆಯೆಂದೇ ನಂಬಿರುತ್ತಾರೆ.

ಮೊದಲು ಒಂದು ಲೇಖನವನ್ನು ಹುಡುಕುತ್ತ ಕಪಾಟಿನ ಬಳಿ ಹೋದವರು ಪಕ್ಕದ ಎರಡು ಪುಸ್ತಕಗಳನ್ನು ತಿರುವಿಹಾಕುತ್ತಿದ್ದರು, ತಮ್ಮ ಪ್ರಶ್ನೆಯೇ ಸರಿಯಿಲ್ಲವೆಂದು ಅಲ್ಲೇ ಹೊಳೆದು ವಾಪಸು ಬರುತ್ತಿದ್ದರು. ಈಗ ಸಾರಾಂಶ ಮೊದಲು ಬರುತ್ತದೆ, ಮೂಲ ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ಸಾಹಿತ್ಯದ ಸರ್ ಹೇಳಿದ ದೀರ್ಘ ಪ್ರಬಂಧ ಉಳಿಯಬೇಕೆಂಬುದು ನನ್ನ ಆಸೆಯೂ ಹೌದು. ಅದಕ್ಕೆ ಒಂದು ಷರತ್ತು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ: ಉಲ್ಲೇಖಿಸಿದ ಪ್ರತಿಯೊಂದು ಮೂಲದಿಂದ ತಾವು ಓದಿದ ಒಂದು ಪುಟದ ಪ್ರತಿಯನ್ನು, ಬದಿಯಲ್ಲಿ ಕೈಬರಹದ ಟಿಪ್ಪಣಿಯ ಸಹಿತ, ವಿದ್ಯಾರ್ಥಿ ಪ್ರಬಂಧದ ಜೊತೆ ಲಗತ್ತಿಸಬೇಕು.

ಸಾಹಿತ್ಯ ವಿಭಾಗದ ಪ್ರಾಧ್ಯಾಪಕ

ಈ ಷರತ್ತು ನನಗೆ ತುಂಬ ಹಿಡಿಸಿತು. ಟಿಪ್ಪಣಿಯನ್ನೂ ಯಂತ್ರದಿಂದ ಬರೆಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬರೆಸಬಹುದು. ಆದರೂ ಪುಟವನ್ನು ತೆರೆದು, ಬದಿಯಲ್ಲಿ ಕೈಯಾರೆ ಬರೆಯುವಷ್ಟು ಹೊತ್ತು ಆ ಪುಟ ಕಣ್ಣ ಮುಂದೆ ಇರುತ್ತದೆ.

ಸಂಖ್ಯಾಶಾಸ್ತ್ರದ ಅಧ್ಯಾಪಕ

ಒಂದು ವ್ಯಾವಹಾರಿಕ ಪ್ರಶ್ನೆ ಇದೆ. ನೂರಿಪ್ಪತ್ತು ಮಂದಿಗೆ ತಲಾ ಹತ್ತು ನಿಮಿಷದ ಮೌಖಿಕ ಪರೀಕ್ಷೆ ಎಂದರೆ ಇಪ್ಪತ್ತು ಗಂಟೆ. ಸೆಮಿಸ್ಟರಿಗೆ ಎರಡು ಸಲ ಮಾಡಿದರೆ ನಲವತ್ತು ಗಂಟೆ. ಒಂದು ವಿಷಯದ ಇಡೀ ಬೋಧನಾವಧಿಯೇ ಬಹುಪಾಲು ಕಡೆ ಅಷ್ಟಿರುತ್ತದೆ. ಇದನ್ನು ಯಾರು, ಯಾವಾಗ ಮಾಡಬೇಕು? ಮೇಡಂ ಅವರ ಪ್ರಸ್ತಾವವನ್ನು ತತ್ವತಃ ಒಪ್ಪುವ ನನಗೆ ಇದಕ್ಕೆ ಉತ್ತರ ಕಾಣುತ್ತಿಲ್ಲ.

ಆನ್‌ಲೈನ್ ಪಾಠಗಳನ್ನು ರೂಪಿಸುವವರು

ಉತ್ತರ ನಿಮ್ಮ ವೇಳಾಪಟ್ಟಿಯಲ್ಲೇ ಇದೆ ಸರ್. ಉಪನ್ಯಾಸದ ಅವಧಿಗಳಲ್ಲಿ ಒಂದು ಭಾಗವನ್ನು ಬಿಡಿಸಿಕೊಳ್ಳಬೇಕು. ನಾನು ಈ ಮಾತನ್ನು ರೆಕಾರ್ಡ್ ಮಾಡಿದ ಪಾಠಗಳ ಮೇಲಿನ ಕುರುಡು ಅಭಿಮಾನದಿಂದ ಹೇಳುತ್ತಿಲ್ಲ, ಆ ಪಾಠಗಳು ಸೋತ ಕಡೆಯನ್ನೂ ಕಂಡಿದ್ದೇನೆ. ಎಂಐಟಿ ಮತ್ತು ಹಾರ್ವರ್ಡ್ ಕೂಡಿ 2012ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯನ್ನು ಆರಂಭಿಸಿದಾಗ ವಿಶ್ವವಿದ್ಯಾಲಯಗಳ ಕಾಲವೇ ಮುಗಿಯಿತೆಂದು ಹೇಳಿದವರಿದ್ದರು. ಮೊದಲ ವರ್ಷದ ಕೋರ್ಸುಗಳಿಗೆ ಆದ 8,41,687 ನೋಂದಣಿಗಳಲ್ಲಿ ಪ್ರಮಾಣಪತ್ರದವರೆಗೆ ತಲುಪಿದ್ದು 43,196, ಅಂದರೆ ಶೇ. 5ರ ಆಸುಪಾಸು. 2013ರಲ್ಲಿ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯವು ಉಡಾಸಿಟಿ ಎಂಬ ಆನ್‌ಲೈನ್ ಶಿಕ್ಷಣ ಸಂಸ್ಥೆಯೊಡನೆ ಅಂಕಸಹಿತ ಆನ್‌ಲೈನ್ ಕೋರ್ಸುಗಳನ್ನು ಆರಂಭಿಸಿ, ಉತ್ತೀರ್ಣರಾದವರ ಪ್ರಮಾಣ ಸಾಮಾನ್ಯ ತರಗತಿಗಳಿಗಿಂತ ಕಡಿಮೆಯಿದ್ದುದರಿಂದ ಕೆಲವೇ ತಿಂಗಳಲ್ಲಿ ತಡೆಹಿಡಿಯಿತು. ಕೇವಲ ಪಾಠ ನೋಡಲು ಸಿಕ್ಕಿದರೆ ಸಾಲದೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಆದರೆ ಒಂದು ಗಂಟೆಯ ಉಪನ್ಯಾಸವನ್ನು ಎದುರಿಗೆ ಕುಳಿತು ಕೇಳಿದರೆ ಸಾಕೆಂಬುದೂ ನಿಜವಲ್ಲ. 2014ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ ವಿಜ್ಞಾನ, ತಂತ್ರಜ್ಞಾನ, ಗಣಿತಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಬರಿಯ ಉಪನ್ಯಾಸ ಕೇಳುವ ತರಗತಿಗಳಲ್ಲಿ ಅನುತ್ತೀರ್ಣರಾಗುವ ಸಂಭವ, ವಿದ್ಯಾರ್ಥಿಗಳು ತಾವೇ ಬಿಡಿಸುತ್ತ ಚರ್ಚಿಸುತ್ತ ಕಲಿಯುವ ತರಗತಿಗಳಿಗಿಂತ ಒಂದೂವರೆ ಪಟ್ಟು ಇತ್ತು. ಎಡ್‌ಎಕ್ಸ್‌ನ ವೀಡಿಯೊಗಳನ್ನು 69 ಲಕ್ಷ ಸಲ ನೋಡಿದ ದಾಖಲೆಗಳನ್ನು ಅದೇ ವರ್ಷ ಪರಿಶೀಲಿಸಿದವರಿಗೆ, ವೀಡಿಯೊ ಎಷ್ಟೇ ಉದ್ದವಿದ್ದರೂ ಜನ ಅದನ್ನು ನೋಡುವ ಮಧ್ಯಕ ಅವಧಿ (ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಹೊತ್ತು ನೋಡದ ಮಿತಿ) ಆರು ನಿಮಿಷವನ್ನು ಮೀರುವುದಿಲ್ಲವೆಂದು ಕಂಡಿತು. ಆದ್ದರಿಂದ ನಿರೂಪಣೆಯ ಭಾಗವನ್ನು ಚಿಕ್ಕ ಚಿಕ್ಕ ಪಾಠಗಳಾಗಿ ರೆಕಾರ್ಡ್ ಮಾಡಿ, ವಾರಕ್ಕೆ ಒಂದು ತರಗತಿಯನ್ನು ಗುಂಪು ಮಾಡಿ ಕೂರಿಸಿ. ಐದು ಮಂದಿಯ ಗುಂಪು ತಮ್ಮ ನಿಯೋಜನೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಅರ್ಧ ಗಂಟೆಯಲ್ಲಿ ಐವರಿಗೂ ಪ್ರಶ್ನೆ ಕೇಳಬಹುದು, ಉಳಿದವರು ಆ ಹೊತ್ತಿನಲ್ಲಿ ಲೆಕ್ಕ ಬಿಡಿಸುತ್ತಿರುತ್ತಾರೆ.

ವಿದ್ಯಾರ್ಥಿಗಳಿಂದಲೇ ವಿರೋಧ ಬರಬಹುದೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಬಿಡಿಸುತ್ತ ಕಲಿತವರು ಹೆಚ್ಚು ಕಲಿತಿದ್ದರೂ, ಸುಲಲಿತವಾದ ಉಪನ್ಯಾಸ ಕೇಳಿದವರಿಗಿಂತ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ಪ್ರಯಾಸಪಟ್ಟು ಕಲಿಯುವಾಗ ಕಲಿಯುತ್ತಿಲ್ಲವೆಂದೇ ಅನಿಸುತ್ತದೆ. ಕ್ಷಣದಲ್ಲಿ ಉತ್ತರ ಕೊಡುವ ಸಾಧನಗಳು ಈ ಭ್ರಮೆಯನ್ನು ಇನ್ನಷ್ಟು ಗಟ್ಟಿಮಾಡಿವೆಯೆಂದು ನಾನು ತಿಳಿಯುತ್ತೇನೆ.

ಗಣಕವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ

ಮೌಖಿಕ ಪರೀಕ್ಷೆಯನ್ನು ಎಲ್ಲರೂ ನಿರ್ದೋಷವೆಂಬಂತೆ ಒಪ್ಪಿಕೊಳ್ಳುತ್ತಿರುವುದು ನನಗೆ ಆತಂಕ ತಂದಿದೆ. ಉತ್ತರಪತ್ರಿಕೆಯ ಮೇಲೆ ಹೆಸರನ್ನು ಮರೆಮಾಡಬಹುದು. ಎದುರಿಗೆ ಕುಳಿತ ವಿದ್ಯಾರ್ಥಿಯ ಉಡುಪು, ಉಚ್ಚಾರಣೆ, ತೊದಲು, ಅಧ್ಯಾಪಕರೊಡನೆ ಹಿಂದೆ ನಡೆದ ಮಾತಿನ ಚಕಮಕಿ ಯಾವುದನ್ನೂ ಮರೆಮಾಡಲಾಗುವುದಿಲ್ಲ. ಬರೆದ ಉತ್ತರವನ್ನು ಮರುಮೌಲ್ಯಮಾಪನಕ್ಕೆ ಕಳುಹಿಸಬಹುದು, ಆಡಿದ ಮಾತನ್ನು ಎಲ್ಲಿಗೆ ಕಳುಹಿಸುವುದು?

ಭೌತಶಾಸ್ತ್ರದ ಉಪನ್ಯಾಸಕಿ

ಈ ಆಕ್ಷೇಪವನ್ನೂ ದೂರಶಿಕ್ಷಣದ ಸೋದರಿಯ ಮಾತನ್ನೂ ಗಮನದಲ್ಲಿಟ್ಟು ಪ್ರಸ್ತಾವವನ್ನು ಹೀಗೆ ತಿದ್ದುತ್ತೇನೆ. ಸಿಡ್ನಿ ವಿಶ್ವವಿದ್ಯಾಲಯ 2025ರಿಂದ ಮೌಲ್ಯಮಾಪನವನ್ನು ಎರಡಾಗಿ ವಿಂಗಡಿಸಿದೆ: ಮೇಲ್ವಿಚಾರಣೆಯಲ್ಲಿ ನಡೆಯುವವು ಒಂದು ಬಗೆ, ಎಐ ಬಳಕೆಗೆ ಮುಕ್ತವಾಗಿರುವವು ಇನ್ನೊಂದು ಬಗೆ. ಇವೆರಡರ ನಡುವೆ ‘ಇಷ್ಟು ಬಳಸಿ, ಇಷ್ಟು ಬಳಸಬೇಡಿ’ ಎಂಬ, ಯಾರೂ ಪರಿಶೀಲಿಸಲಾಗದ ನಿಯಮಗಳಿಗೆ ಅಲ್ಲಿ ಜಾಗವಿಲ್ಲ. ನಮಗೂ ಇದೇ ಸರಿಯಾದ ದಾರಿಯೆಂದು ತೋರುತ್ತದೆ. ಮನೆಯಲ್ಲಿ ಬರೆಯುವ ದೀರ್ಘ ಪ್ರಬಂಧಕ್ಕೆ ಅಂಕ ಇರಲಿ, ಸಾಧನವನ್ನು ಬಳಸುವ ಸ್ವಾತಂತ್ರ್ಯವೂ ಇರಲಿ, ಗ್ರಂಥಪಾಲಕಿಯವರ ಷರತ್ತೂ ಇರಲಿ. ಆದರೆ ಒಂದು ವಿಷಯದಲ್ಲಿ ಉತ್ತೀರ್ಣರಾಗಲು, ತಮ್ಮದೇ ಪ್ರಬಂಧದ ಅಥವಾ ಲೆಕ್ಕದ ಮೇಲೆ ಅಧ್ಯಾಪಕರು ಕೇಳುವ ಎರಡು ಪ್ರಶ್ನೆಗಳಿಗೆ ಮೇಲ್ವಿಚಾರಣೆಯಲ್ಲಿ ಲಿಖಿತ ಉತ್ತರ ಕೊಡಲೇಬೇಕು. ಮಾತಿನ ಬದಲು ಬರಹವಾದ್ದರಿಂದ ಮರುಮೌಲ್ಯಮಾಪನಕ್ಕೆ ಅವಕಾಶ ಉಳಿಯುತ್ತದೆ. ಗುಂಪಿನಲ್ಲಿ ಕೇಳುವ ಮೌಖಿಕ ಪ್ರಶ್ನೆ ಕಲಿಕೆಗಾಗಿ ನಡೆಯಲಿ, ಅದಕ್ಕೆ ಅಂಕ ಬೇಡ.

ಸಾಹಿತ್ಯ ವಿಭಾಗದ ಪ್ರಾಧ್ಯಾಪಕ

ಹೀಗಾದರೆ ನನ್ನ ವಿರೋಧವಿಲ್ಲ. ‘ನಿಮ್ಮ ಮೂರನೆಯ ಪುಟದ ವಾದಕ್ಕೆ ಒಗ್ಗದ ಒಂದು ಸನ್ನಿವೇಶವನ್ನು ಕಾದಂಬರಿಯಿಂದ ತೋರಿಸಿ, ಅದನ್ನು ಏಕೆ ಕೈಬಿಟ್ಟಿರೆಂದು ಬರೆಯಿರಿ’ ಎಂಬಂಥ ಪ್ರಶ್ನೆಗೆ, ಪ್ರಬಂಧವನ್ನು ತಾನೇ ಕಟ್ಟಿದವರು ಕಾದಂಬರಿಯನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಉತ್ತರಿಸಬಲ್ಲರು.

ದೂರಶಿಕ್ಷಣದ ವಿದ್ಯಾರ್ಥಿನಿ

ಸೆಮಿಸ್ಟರಿಗೆ ಒಂದೇ ಸಲ, ಮನೆಗೆ ಹತ್ತಿರದ ಯಾವುದಾದರೂ ಕಾಲೇಜಿನಲ್ಲಿ, ವಾರದ ರಜೆಯ ದಿನ ಇಂಥ ಪರೀಕ್ಷೆ ಇಟ್ಟರೆ ನನ್ನಂಥವರೂ ಬರೆಯಬಲ್ಲೆವು. ದಿನಾಂಕವನ್ನು ಸೆಮಿಸ್ಟರ್ ಆರಂಭದಲ್ಲೇ ತಿಳಿಸಬೇಕು, ಕೊನೆಯ ವಾರದಲ್ಲಿ ಬದಲಿಸಬಾರದು. ಹೊಸ ಪದ್ಧತಿ ಬಂತೆಂದು ನಿಯೋಜನೆಯ ಮೇಲೆ ಬೋಧಕರು ಬರೆಯುವ ಟಿಪ್ಪಣಿಯನ್ನು ಮಾತ್ರ ನಿಲ್ಲಿಸಬೇಡಿ, ಆ ಟಿಪ್ಪಣಿಯನ್ನು ಯಂತ್ರದಿಂದ ಬರೆಸಿಯೂ ಕಳುಹಿಸಬೇಡಿ. ನನ್ನ ಉತ್ತರವನ್ನು ಒಬ್ಬರು ಓದಿದ್ದಾರೆಂದು ನನಗೆ ತಿಳಿಯುವುದು ಅದರಿಂದಲೇ.